‘ಚಾರ್ಜ್’ ಎಂಬ ಒಂದೇ ನಾಮಪದ, ಹತ್ತಾರು ಜೊತೆಪದಗಳು: ಮಕ್ಕಳಿಗೆ ಕಲಿಸುವುದು ಹೇಗೆ?

ಪ್ರಶ್ನೆ: ಅರಸೀಕೆರೆಯ ಶಿಕ್ಷಕಿ

ನಾನು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಚಾರ್ಜ್’ ಎಂಬ ನಾಮಪದವನ್ನು ಬಳಸಿ ಐದು ವಾಕ್ಯ ಬರೆದು ತರುವಂತೆ ಹೇಳಿದ್ದೆ. ಬಸ್ ಚಾರ್ಜು, ಮೊಬೈಲಿನ ಚಾರ್ಜು, ಲಾಠಿ ಚಾರ್ಜು, ಚಾರ್ಜ್‌ಶೀಟು ಎಲ್ಲವೂ ಅವರ ಕನ್ನಡದಲ್ಲೇ ಇರುವುದರಿಂದ ಇದು ಸುಲಭದ ಕೆಲಸ ಎಂದುಕೊಂಡಿದ್ದೆ. ನೋಟ್‌ಬುಕ್ಕುಗಳನ್ನು ತೆರೆದಾಗ ತೊಡಕು ಹುಟ್ಟಿದ್ದೇ ಅಲ್ಲಿಂದ ಎಂದು ತಿಳಿಯಿತು. ಒಬ್ಬ ಹುಡುಗ ‘ಐ ಹ್ಯಾವ್ ನೋ ಬಸ್ ಚಾರ್ಜ್’ ಎಂದು ಬರೆದಿದ್ದ. ಇನ್ನೊಬ್ಬ ‘ಮೈ ಫೋನ್ ಚಾರ್ಜ್ ಈಸ್ ಓವರ್’ ಎಂದು ಬರೆದಿದ್ದ. ತರಗತಿಯಲ್ಲೇ ಚೆನ್ನಾಗಿ ಓದುವ ಹುಡುಗಿಯೊಬ್ಬಳು ‘ದ ಚಿಲ್ಡ್ರನ್ ಆರ್ ಇನ್ ಚಾರ್ಜ್ ಆಫ್ ದ ಟೀಚರ್’ ಎಂದು ಅಂದವಾದ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ಮಕ್ಕಳು ಶಿಕ್ಷಕಿಯ ಸುಪರ್ದಿಯಲ್ಲಿದ್ದಾರೆ ಎಂಬುದು ಅವಳ ಉದ್ದೇಶ. ವಾಕ್ಯ ಹೇಳುತ್ತಿರುವುದು ಮಕ್ಕಳೇ ಶಿಕ್ಷಕಿಯನ್ನು ನೋಡಿಕೊಳ್ಳುತ್ತಿದ್ದಾರೆ ಎಂದು. (ಮಧ್ಯಾಹ್ನದ ಕೊನೆಯ ಪಿರಿಯಡ್ಡಿನಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ.)

ನಿಘಂಟಿನಲ್ಲಿ ಈ ಪದಕ್ಕೆ ಅರ್ಥಗಳನ್ನು ಒಂದರ ಕೆಳಗೊಂದು ಸಂಖ್ಯೆ ಹಾಕಿ ಕೊಟ್ಟಿರುತ್ತಾರೆ. ಆದರೆ ಯಾವ ಅರ್ಥಕ್ಕೆ ಯಾವ ಕ್ರಿಯಾಪದ, ಯಾವ ಉಪಸರ್ಗ, ಹಿಂದೆ ಮುಂದೆ ಯಾವ ಪದ ಸಹಜವಾಗಿ ಕೂಡಿಕೊಳ್ಳುತ್ತದೆ ಎಂಬುದು ಮಕ್ಕಳ ಕೈಗೆ ಸಿಗುವುದಿಲ್ಲ. ನಾನೇ ಒಂದು ಪಟ್ಟಿ ಮಾಡಲು ಹೊರಟು ನಲವತ್ತು ಜೊತೆಪದಗಳವರೆಗೆ ಬಂದೆ. ಬಂದ ಮೇಲೆ, ಅದನ್ನು ಮಕ್ಕಳಿಗೆ ಕೊಟ್ಟರೆ ಮಗ್ಗಿಯಂತೆ ಉರು ಹೊಡೆದು ಪರೀಕ್ಷೆಯ ಮರುದಿನ ಮರೆಯುತ್ತಾರೆ ಎನಿಸಿತು. ಈ ನಾಮಪದದ ಜೊತೆಪದಗಳನ್ನು ಯಾವ ದಾರದಲ್ಲಿ ಪೋಣಿಸಿ ಕಲಿಸಬಹುದು? ದುಡ್ಡು, ಹೊಣೆ, ಅಪರಾಧ, ವಿದ್ಯುತ್ತು, ದಾಳಿ ಇಷ್ಟಕ್ಕೂ ಒಂದೇ ಪದ ಹೇಗೆ ಬಂತು? ತಮ್ಮ ತಮ್ಮ ವೃತ್ತಿಯಲ್ಲಿ ಈ ಪದವನ್ನು ದಿನವೂ ಬಳಸುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ, ಚಿಕ್ಕಮಗಳೂರು

ಮೇಡಂ, ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪೋಣಿಸುವ ದಾರ ಅಲ್ಲೇ ಇದೆ. ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಗಾಡಿ. ಗಾಡಿಗೆ ಹೊರೆ ಏರಿಸುವುದು ‘ಕಾರ್ರಿಕಾರೆ’. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ‘ಕಾರ್’, ‘ಕ್ಯಾರಿ’, ‘ಕಾರ್ಗೋ’ ಎಲ್ಲವೂ ಅದೇ ಮನೆತನದ ಪದಗಳು. ಮುಖಲಕ್ಷಣವನ್ನು ಅತಿಯಾಗಿ ಹೇರಿ ಬರೆಯುವ ‘ಕ್ಯಾರಿಕೇಚರ್’ ಕೂಡ ಅಲ್ಲಿಂದಲೇ ಇಟಲಿಯ ದಾರಿ ಹಿಡಿದು ಬಂದದ್ದು. ಅಂದರೆ ಮೂಲದಲ್ಲಿ ಚಾರ್ಜ್ ಎಂದರೆ ಹೊರೆ. ಈಗ ನಮ್ಮ ಕಚೇರಿಯ ಕನ್ನಡವನ್ನು ನೋಡಿ. ಅಧಿಕಾರದ ಚಾರ್ಜಿಗೆ ನಾವು ‘ಪ್ರಭಾರ’ ಎನ್ನುತ್ತೇವೆ. ಅದರೊಳಗೆ ಕುಳಿತಿರುವುದು ‘ಭಾರ’. ಕಾರ್ಯಭಾರ, ಋಣಭಾರ ಎಲ್ಲದರಲ್ಲೂ ಅದೇ ಭಾರವಿದೆ. ಇನ್ನು ‘ಆರೋಪ’ ಎಂಬ ಸಂಸ್ಕೃತ ಪದದ ಮೂಲಾರ್ಥ ಮೇಲೆ ಏರಿಸುವುದು, ಹೇರುವುದು ಎಂದು. ಇಂಗ್ಲಿಷಿನವರು ಗಾಡಿಯಿಂದ ಹೊರಟು ತಲುಪಿದ ಜಾಗಕ್ಕೆ ನಾವು ಬೇರೆ ದಾರಿಯಿಂದ ತಲುಪಿದ್ದೇವೆ. ಮಕ್ಕಳಿಗೆ ಮೊದಲ ದಿನ ಕಪ್ಪುಹಲಗೆಯ ಮೇಲೆ ತೆಂಗಿನಕಾಯಿ ತುಂಬಿದ ಒಂದು ಎತ್ತಿನ ಗಾಡಿಯ ಚಿತ್ರ ಬರೆಯಿರಿ. ಅರಸೀಕೆರೆಯ ಮಕ್ಕಳಿಗೆ ವಿವರಣೆ ಬೇಕಾಗುವುದಿಲ್ಲ.

ಹೊಣೆ ಎಂಬ ಅರ್ಥದಲ್ಲಿ ಕಚೇರಿಗಳಲ್ಲಿ ನಡೆಯುವ ಜೊತೆಪದಗಳು ಇವು. ಅಧಿಕಾರ ವಹಿಸಿಕೊಳ್ಳುವುದು ‘ಟೇಕ್ ಚಾರ್ಜ್’ ಅಥವಾ ‘ಅಸ್ಯೂಮ್ ಚಾರ್ಜ್’, ಒಪ್ಪಿಸುವುದು ‘ಹ್ಯಾಂಡ್ ಓವರ್ ಚಾರ್ಜ್’. ಒಂದು ಹುದ್ದೆಯಲ್ಲಿದ್ದುಕೊಂಡು ಇನ್ನೊಂದನ್ನೂ ನೋಡಿಕೊಳ್ಳುವುದು ‘ಹೋಲ್ಡ್ ಅಡಿಷನಲ್ ಚಾರ್ಜ್’. ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿಯ 32ನೆಯ ನಿಯಮದಂತೆ ಸ್ವತಂತ್ರ ಪ್ರಭಾರದಲ್ಲಿರಿಸುವುದು, 68ನೆಯ ನಿಯಮದಂತೆ ಪ್ರಭಾರ ಭತ್ಯೆ ಕೊಡುವುದು ನೌಕರರೆಲ್ಲರಿಗೂ ಗೊತ್ತಿರುವ ಮಾತು. ವರ್ಗಾವಣೆಯಾದಾಗ ಇಬ್ಬರೂ ಸಹಿ ಹಾಕುವ ‘ಸಿ.ಟಿ.ಸಿ.’ ಎಂಬ ಕಾಗದದ ನಡುವಿನ ‘ಟಿ’ ಎಂದರೆ ಟ್ರಾನ್ಸ್‌ಫರ್, ಕೊನೆಯ ‘ಸಿ’ ಎಂದರೆ ಈ ಚಾರ್ಜೇ.

ಇಲ್ಲಿ ಗಮನಿಸಬೇಕಾದದ್ದು, ಹೊಣೆ ಎಂಬ ಅರ್ಥದಲ್ಲಿ ಈ ಪದಕ್ಕೆ ಬಹುವಚನ ಹತ್ತುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ, ವರ್ಗವಾದ ಅಧಿಕಾರಿಯೊಬ್ಬರು ಪ್ರಭಾರದಿಂದ ಬಿಡುಗಡೆ ಹೊಂದಿದರು ಎಂದು ತಿಳಿಸುವ ಪತ್ರದಲ್ಲಿ ‘ರಿಲೀವ್ಡ್ ಆಫ್ ಚಾರ್ಜ್’ ಎಂದಿರಬೇಕಾದಲ್ಲಿ ‘ರಿಲೀವ್ಡ್ ಫ್ರಮ್ ಆಲ್ ಚಾರ್ಜಸ್’ ಎಂದು ಟೈಪ್ ಆಯಿತು. ಕರಡು ಬರೆದವನು ನಾನೇ. ಪತ್ರ ತಲುಪಿದ ಕಚೇರಿಯವರು, ಇವರ ಮೇಲಿದ್ದ ಆರೋಪಗಳು ಯಾವುವು, ಅವುಗಳಿಂದ ಮುಕ್ತಗೊಳಿಸಿದ ಆದೇಶದ ಪ್ರತಿ ಎಲ್ಲಿ ಎಂದು ಕೇಳಿ ಬರೆದರು. ಯಾವ ಆರೋಪವೂ ಇಲ್ಲದಿದ್ದ ಆ ಮನುಷ್ಯ ಒಂದು ‘ಎಸ್’ ಅಕ್ಷರದಿಂದಾಗಿ ಎರಡು ತಿಂಗಳು ವಿವರಣೆ ಕೊಡುತ್ತ ಓಡಾಡಿದರು. ಆ ಅಕ್ಷರ ಸೇರಿದರೆ ಇಂಗ್ಲಿಷ್ ಓದುಗನ ಮನಸ್ಸಿಗೆ ಮೊದಲು ಬರುವುದು ಆರೋಪಗಳು, ಇಲ್ಲವೇ ಶುಲ್ಕಗಳು.

ತಮ್ಮ ವಿದ್ಯಾರ್ಥಿನಿಯ ವಾಕ್ಯಕ್ಕೆ ಒಂದೇ ಒಂದು ‘ದ’ ಸಾಕು. ‘ಇನ್ ಚಾರ್ಜ್ ಆಫ್’ ಎಂದರೆ ಕರ್ತೃವೇ ಮೇಲಿನವನು. ‘ಇನ್ ದ ಚಾರ್ಜ್ ಆಫ್’ ಎಂದರೆ ಕರ್ತೃ ಇನ್ನೊಬ್ಬರ ಕೈಕೆಳಗೆ ಇರುವವನು. ಮಕ್ಕಳು ‘ಇನ್ ದ ಚಾರ್ಜ್ ಆಫ್ ದ ಟೀಚರ್’.

ಉತ್ತರ: ವಕೀಲ, ಹಾಸನ

ಅಧೀಕ್ಷಕರು ಹೇಳಿದ ಹೊರೆಯ ಚಿತ್ರ ನ್ಯಾಯಾಲಯದ ಭಾಷೆಗೂ ಹೊಂದುತ್ತದೆ. ಆದರೆ ಇಲ್ಲಿ ಯಾರು ಯಾವ ಕ್ರಿಯೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪತ್ರಿಕೆಗಳಲ್ಲೂ ಇದು ಕಲಸಿಹೋಗುತ್ತದೆ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವುದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 173ನೆಯ ಕಲಮಿನಲ್ಲಿದ್ದ ಈ ವರದಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193ನೆಯ ಕಲಮಿಗೆ ಬಂದಿದೆ. ಅದಕ್ಕೆ ಹೊಂದುವ ಕ್ರಿಯಾಪದ ‘ಫೈಲ್’. ಆದರೆ ಪಟ್ಟಿ ಸಲ್ಲಿಕೆಯಾದ ಮಾತ್ರಕ್ಕೆ ಆರೋಪ ರಚನೆಯಾದಂತಲ್ಲ. ಆರೋಪ ರಚಿಸುವವರು ನ್ಯಾಯಾಧೀಶರು, ಅದಕ್ಕೆ ‘ಫ್ರೇಮ್ ಚಾರ್ಜಸ್’ ಎನ್ನಬೇಕು. ಪೊಲೀಸರು ಫ್ರೇಮ್ ಮಾಡಿದರು ಎಂದು ಬರೆದರೆ ಇಂಗ್ಲಿಷಿನಲ್ಲಿ ಸುಳ್ಳು ಮೊಕದ್ದಮೆಯಲ್ಲಿ ಸಿಲುಕಿಸಿದರು ಎಂಬ ಧ್ವನಿ ಬರುವ ಅಪಾಯವಿದೆ. ಆರೋಪಿ ಆರೋಪವನ್ನು ಎದುರಿಸುವುದು ‘ಫೇಸ್’, ನಿರಾಕರಿಸುವುದು ‘ಡಿನೈ’; ಆರೋಪ ಹೊರಿಸಿದವರು ಅದನ್ನು ಕೈಬಿಡುವುದು ‘ಡ್ರಾಪ್’ ಅಥವಾ ‘ವಿತ್‌ಡ್ರಾ’. ಅಪರಾಧದ ಹೆಸರು ಬಂದರೆ ‘ಆನ್ ಎ ಚಾರ್ಜ್ ಆಫ್ ಥೆಫ್ಟ್’, ವ್ಯಕ್ತಿಯ ಹೆಸರು ಬಂದರೆ ‘ದ ಚಾರ್ಜ್ ಅಗೇನ್ಸ್ಟ್ ಹಿಮ್’. ಸಿನಿಮಾಗಳಲ್ಲಿ ಕೇಳುವ ‘ಪ್ರೆಸ್ ಚಾರ್ಜಸ್’ ಇಂಗ್ಲಿಷ್ ಜೊತೆಪದವೇ ಹೌದು, ಆದರೆ ನಮ್ಮಲ್ಲಿ ದೂರು ಕೊಡುವವರು ಕೊಡುವುದು ದೂರನ್ನು ಮಾತ್ರ. ಸರ್ಕಾರಿ ನೌಕರರ ಇಲಾಖಾ ವಿಚಾರಣೆಯಲ್ಲಿ ಇದೇ ಪದ ‘ಆರ್ಟಿಕಲ್ಸ್ ಆಫ್ ಚಾರ್ಜ್’ ಎಂದಾಗುತ್ತದೆ. ಅಲ್ಲಿ ಬಹುವಚನದ ಗುರುತು ಹತ್ತುವುದು ಚಾರ್ಜಿಗಲ್ಲ, ಆರ್ಟಿಕಲಿಗೆ.

ಹೊರೆ ಏರಿಸಿದ ಮೇಲೆ ಇಳಿಸಲೂ ಬೇಕಲ್ಲ. ಅದೇ ‘ಡಿಸ್ಚಾರ್ಜ್’. ಆರೋಪ ರಚನೆಗೆ ಆಧಾರವೇ ಇಲ್ಲವೆಂದು ಮೊದಲೇ ಬಿಡುಗಡೆ ಮಾಡಿದರೆ ಡಿಸ್ಚಾರ್ಜ್, ವಿಚಾರಣೆ ನಡೆದು ನಿರ್ದೋಷಿ ಎಂದು ತೀರ್ಪಾದರೆ ‘ಅಕ್ವಿಟಲ್’. ಆಸ್ಪತ್ರೆಯಿಂದ ರೋಗಿ ಮನೆಗೆ ಹೋಗುವುದೂ ಡಿಸ್ಚಾರ್ಜ್, ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ ಕ್ಯೂಸೆಕ್ ಲೆಕ್ಕದಲ್ಲಿ ನೀರು ಹೊರಗೆ ಹೋಗುವುದೂ ಡಿಸ್ಚಾರ್ಜ್. ಎಲ್ಲ ಕಡೆಯೂ ಏನೋ ಒಂದು ಭಾರ ಇಳಿಯುತ್ತಿದೆ.

ಶಾಲೆಯ ಪಾಠಕ್ಕೆ ಅಗತ್ಯವಿಲ್ಲದಿದ್ದರೂ ಇನ್ನೊಂದು ಅರ್ಥವನ್ನು ಹೇಳದೆ ಬಿಡಲಾರೆ. ಸ್ವತ್ತಿನ ಮೇಲೂ ಚಾರ್ಜ್ ಇರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೆಯ ಕಲಮು ಅದನ್ನು ಅಡಮಾನಕ್ಕಿಂತ ಬೇರೆಯಾಗಿ ವಿವರಿಸುತ್ತದೆ: ಸ್ವತ್ತು ಹಣ ಸಂದಾಯಕ್ಕೆ ಭದ್ರತೆಯಾಗಿರುತ್ತದೆ, ಆದರೆ ಅಡಮಾನ ಆಗಿರುವುದಿಲ್ಲ. ಇಲ್ಲಿ ಕ್ರಿಯಾಪದ ‘ಕ್ರಿಯೇಟ್’, ಉಪಸರ್ಗ ‘ಆನ್’ ಅಥವಾ ‘ಓವರ್’. ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ 77ನೆಯ ಕಲಮಿನಂತೆ 30 ದಿನದೊಳಗೆ ನೋಂದಣಿ ಮಾಡಿಸಬೇಕು, ಆಗ ‘ರಿಜಿಸ್ಟರ್ ಎ ಚಾರ್ಜ್’. ಇದರಲ್ಲಿ ‘ಫಿಕ್ಸೆಡ್ ಚಾರ್ಜ್’ ಮತ್ತು ‘ಫ್ಲೋಟಿಂಗ್ ಚಾರ್ಜ್’ ಎಂದು ಎರಡು ಬಗೆಗಳಿವೆ. ಕಾಫಿ ಕ್ಯೂರಿಂಗ್ ನಡೆಸುವ ಒಂದು ಕಂಪನಿ ಸಾಲಕ್ಕೆ ತನ್ನ ಕಟ್ಟಡವನ್ನು ಒಡ್ಡಿದರೆ ಮೊದಲನೆಯದು. ದಿನವೂ ಬಂದು ಹೋಗುವ ಗೋದಾಮಿನ ಕಾಫಿ ದಾಸ್ತಾನನ್ನು ಒಡ್ಡಿದರೆ ಎರಡನೆಯದು, ಏಕೆಂದರೆ ಯಾವ ಚೀಲದ ಮೇಲೆ ಹೊರೆ ಎಂದು ಆಗಲೇ ಬೆರಳಿಟ್ಟು ತೋರಿಸಲಾಗುವುದಿಲ್ಲ. ಅದೇ ಕಂಪನಿಯ ಕರೆಂಟ್ ಬಿಲ್ಲಿನಲ್ಲಿಯೂ ‘ಫಿಕ್ಸೆಡ್ ಚಾರ್ಜ್’ ಎಂಬ ಸಾಲೊಂದು ಇರುತ್ತದೆ, ಅದು ನಿಗದಿತ ಶುಲ್ಕ. ಎರಡನ್ನೂ ಪ್ರತ್ಯೇಕಿಸುವುದು ಸುತ್ತಲಿನ ಪದಗಳು ಮಾತ್ರ: ಒಂದನ್ನು ಸೃಷ್ಟಿಸುತ್ತಾರೆ, ಇನ್ನೊಂದನ್ನು ಕಟ್ಟುತ್ತಾರೆ. ಜೊತೆಪದಗಳನ್ನು ಏಕೆ ಕಲಿಯಬೇಕು ಎಂದು ಮಕ್ಕಳು ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಉತ್ತರ: ಕಾಫಿ ಬೆಳೆಗಾರ, ಸಕಲೇಶಪುರ

ವಕೀಲರು ನಮ್ಮ ಗೋದಾಮಿನವರೆಗೆ ಬಂದುದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ತೋಟದಲ್ಲಿ ನಾವು ಎಲ್ಲ ಖರ್ಚಿಗೂ ಚಾರ್ಜ್ ಎನ್ನುತ್ತೇವೆ: ಕ್ಯೂರಿಂಗ್ ಚಾರ್ಜು, ಲಾರಿ ಚಾರ್ಜು, ಹಣ್ಣು ಕೊಯ್ಯುವ ಚಾರ್ಜು. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ಒಮ್ಮೆ ಲೆಕ್ಕದ ಪುಸ್ತಕ ನೋಡಿ, ಇವುಗಳಲ್ಲಿ ಇಂಗ್ಲಿಷಿನಲ್ಲಿ ಸರಿಯಾಗಿ ನಿಲ್ಲುವುದು ಮೊದಲನೆಯದೊಂದೇ ಎಂದಳು. ನಮ್ಮ ಕಾಫಿಯನ್ನು ಒಯ್ದು ಸಿಪ್ಪೆ ಬಿಡಿಸಿ, ದರ್ಜೆ ವಿಂಗಡಿಸಿ ಕೊಡುವ ಸೇವೆಗೆ ಕೊಡುವುದು ಚಾರ್ಜ್. ಸರಕು ಸಾಗಣೆಗೆ ಕೊಡುವುದು ‘ಫ್ರೇಟ್’. ಕೊಯ್ಲಿನವರಿಗೆ ಕೊಡುವುದು ‘ವೇಜಸ್’. ಕೂಲಿ ಎಂಬ ಅಚ್ಚುಕಟ್ಟಾದ ಪದ ನಮ್ಮಲ್ಲೇ ಇದ್ದರೂ ಬಿಟ್ಟಿದ್ದೇವೆ. ಬಸ್ಸಿಗೆ ಕೊಡುವುದು ‘ಫೇರ್’. ವಕೀಲರಿಗೆ, ವೈದ್ಯರಿಗೆ, ಪರೀಕ್ಷೆಗೆ ಕಟ್ಟುವುದು ‘ಫೀ’. ರಸ್ತೆಗೆ ‘ಟೋಲ್’. ಕನ್ನಡದ ಬಸ್ ಚಾರ್ಜು ಕನ್ನಡದಲ್ಲಿ ತಪ್ಪಲ್ಲ, ಅದನ್ನು ತಿದ್ದಲು ಹೋಗಬೇಡಿ ಮೇಡಂ. ಇಂಗ್ಲಿಷ್ ವಾಕ್ಯಕ್ಕೆ ಹೊತ್ತುಕೊಂಡು ಹೋಗುವಾಗ ಮಾತ್ರ ಬದಲಾಯಿಸಿಕೊಂಡರೆ ಸಾಕು. ಇನ್ನು ಏನೂ ಕೊಡದಿದ್ದರೆ ‘ಫ್ರೀ ಆಫ್ ಚಾರ್ಜ್’. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಿಮ್ಮ ಶಾಲೆಯ ಹುಡುಗಿಯರು ಸರ್ಕಾರಿ ಬಸ್ಸಿನಲ್ಲಿ ಓಡಾಡುತ್ತಿರುವುದು ಹಾಗೆಯೇ. ಇಲ್ಲಿ ‘ಆಫ್’ ಬಿಡಬಾರದು, ‘ಫಾರ್ ಫ್ರೀ ಆಫ್ ಚಾರ್ಜ್’ ಎಂದು ಎರಡನ್ನು ಬೆಸೆಯಲೂ ಬಾರದು.

ನಮ್ಮ ಕಡೆ ಈ ನಾಮಪದಕ್ಕೆ ಇನ್ನೊಂದು ಅರ್ಥವಿದೆ, ಅದು ನಿಘಂಟಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಸಕಲೇಶಪುರ, ಆಲೂರು, ಬೇಲೂರು ಭಾಗದ ತೋಟಗಳಲ್ಲಿ ಕಾಡಾನೆಯ ಹಾವಳಿ ಎಲ್ಲರಿಗೂ ಗೊತ್ತು. ಅರಣ್ಯ ಇಲಾಖೆಯವರು ‘ಮಾಕ್ ಚಾರ್ಜ್’ ಎನ್ನುತ್ತಾರೆ: ಆನೆ ಕಿವಿ ಅಗಲಿಸಿ, ಘೀಳಿಟ್ಟು, ಧೂಳೆಬ್ಬಿಸುತ್ತ ಏರಿ ಬಂದು ನಡುವೆಯೇ ನಿಂತುಬಿಡುತ್ತದೆ, ಹೆದರಿಸುವುದಷ್ಟೇ ಅದರ ಉದ್ದೇಶ. ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡು, ಸೊಂಡಿಲನ್ನು ಒಳಕ್ಕೆ ಸುರುಳಿ ಮಾಡಿಕೊಂಡು, ಸದ್ದಿಲ್ಲದೆ ಬಂದರೆ ಅದು ನಿಜವಾದ ಚಾರ್ಜ್. ಒಂದು ಬೆಳಿಗ್ಗೆ ಕಾಳುಮೆಣಸಿನ ಬಳ್ಳಿ ನೋಡಲು ಹೋಗಿದ್ದ ನಾನು ಮೊದಲನೆಯ ಬಗೆಯದನ್ನು ಮೂವತ್ತು ಅಡಿ ದೂರದಿಂದ ಕಂಡಿದ್ದೇನೆ. ವಿಶೇಷಣದ ವ್ಯತ್ಯಾಸವನ್ನು ಆ ಕ್ಷಣದಲ್ಲಿ ವಿವೇಚಿಸಲಾಗಲಿಲ್ಲ, ಚಪ್ಪಲಿ ಈಗಲೂ ಅಲ್ಲೇ ಎಲ್ಲೋ ಇರಬೇಕು. ‘ಆನೆ ಏರಿ ಬಂತು’ ಎಂದು ನಾವು ಹೇಳುವಾಗಲೂ ‘ಏರು’ ಎಂಬುದೇ ಇದೆ. ಅಧೀಕ್ಷಕರು ಹೇಳಿದ ಆರೋಪದ ಏರಿಸುವಿಕೆಯನ್ನು ಓದಿದಾಗ ಅದು ಹೊಳೆಯಿತು. ಲಾಠಿ ಚಾರ್ಜು ಇದೇ ಕುಟುಂಬದ್ದು, ಭಾರತದ ಇಂಗ್ಲಿಷಿನಲ್ಲಿ ಹುಟ್ಟಿದ ಜೊತೆಪದ. ಬ್ರಿಟನ್ನಿನಲ್ಲಿ ‘ಬೇಟನ್ ಚಾರ್ಜ್’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ಲಘು ಲಾಠಿ ಪ್ರಹಾರ’ ಎಂಬ ಮಾತನ್ನು ಏಟು ತಿಂದವರು ಒಪ್ಪುತ್ತಾರೆಯೋ ಇಲ್ಲವೋ ತಿಳಿಯದು.

ಉತ್ತರ: ಭೌತಶಾಸ್ತ್ರ ಉಪನ್ಯಾಸಕಿ, ಕಡೂರು

ದಾಳಿಯ ಅರ್ಥಕ್ಕೂ ವಿದ್ಯುತ್ತಿನ ಅರ್ಥಕ್ಕೂ ನಡುವೆ ಒಂದು ಕೊಂಡಿ ಇದೆ, ಅದು ಬಂದೂಕು. ಬಂದೂಕಿಗೆ ತುಂಬುವ ಮದ್ದಿನ ಪ್ರಮಾಣಕ್ಕೆ ಚಾರ್ಜ್ ಎಂಬ ಹೆಸರಿತ್ತು. ಹದಿನೆಂಟನೆಯ ಶತಮಾನದಲ್ಲಿ ಲೈಡನ್ ಜಾಡಿಯೊಳಗೆ ವಿದ್ಯುತ್ತನ್ನು ತುಂಬಿಡಲು ಕಲಿತವರು ಅದೇ ಪದವನ್ನು ಎತ್ತಿಕೊಂಡರು. ಬೆಂಜಮಿನ್ ಫ್ರಾಂಕ್ಲಿನ್ 1747ರಲ್ಲಿ ಧನ, ಋಣ ಎಂಬ ಗುರುತುಗಳನ್ನು ಬಳಸಿ ಬರೆದ. ಫಿರಂಗಿಗಳ ಸಾಲಿಗಿದ್ದ ‘ಬ್ಯಾಟರಿ’ ಎಂಬ ಹೆಸರನ್ನು ಜಾಡಿಗಳ ಸಾಲಿಗೆ ಕೊಟ್ಟವನೂ ಅವನೇ. ನಮ್ಮ ಪಠ್ಯಪುಸ್ತಕದ ಕನ್ನಡ ‘ವಿದ್ಯುದಾವೇಶ’. ಇದರಲ್ಲಿ ಹೊರೆಯ ಚಿತ್ರವಿಲ್ಲ. ಒಳಹೊಕ್ಕು ತುಂಬಿಕೊಳ್ಳುವ, ಮೈಮೇಲೆ ಬರುವ ಆವೇಶದ ಚಿತ್ರವಿದೆ. ಆದ್ದರಿಂದ ಎಲ್ಲವನ್ನೂ ಭಾರಕ್ಕೆ ಕಟ್ಟಬೇಕೆಂಬ ಅಧೀಕ್ಷಕರ ಮಾತಿಗೆ ನನ್ನ ಸಣ್ಣದೊಂದು ತಕರಾರಿದೆ. ಕನ್ನಡದ ಮಟ್ಟಿಗೆ ಇಲ್ಲಿ ದಾರ ತುಂಡಾಗುತ್ತದೆ, ಅದನ್ನು ಮಕ್ಕಳಿಗೆ ಮರೆಮಾಚುವುದು ಬೇಡ.

ಜೊತೆಪದಗಳಿಗೆ ಬಂದರೆ, ಕಣವು ಆವೇಶವನ್ನು ಹೊಂದಿರುವುದಕ್ಕೆ ‘ಕ್ಯಾರಿ ಎ ಪಾಸಿಟಿವ್ ಚಾರ್ಜ್’ ಎನ್ನುತ್ತೇವೆ. ಸಜಾತೀಯ ಆವೇಶಗಳು ‘ಲೈಕ್ ಚಾರ್ಜಸ್’, ವಿಜಾತೀಯ ಆವೇಶಗಳು ‘ಅನ್‌ಲೈಕ್ ಚಾರ್ಜಸ್’. ಹಳೆಯ ಬ್ಯಾಟರಿ ತುಂಬಿದ್ದನ್ನು ಉಳಿಸಿಕೊಳ್ಳದಿದ್ದರೆ ‘ಇಟ್ ಡಸ್ ನಾಟ್ ಹೋಲ್ಡ್ ಎ ಚಾರ್ಜ್’. ಒಮ್ಮೆ ತುಂಬಿಸಿ ಸ್ಕೂಟರ್ ಎಷ್ಟು ದೂರ ಓಡುತ್ತದೆ ಎಂಬುದು ‘ಆನ್ ಎ ಸಿಂಗಲ್ ಚಾರ್ಜ್’. ಫೋನನ್ನು ಚಾರ್ಜಿಗೆ ಹಾಕುವುದಕ್ಕೆ ಬ್ರಿಟಿಷರು ‘ಪುಟ್ ಇಟ್ ಆನ್ ಚಾರ್ಜ್’ ಎನ್ನುತ್ತಾರೆ, ನಮ್ಮ ಮಾತಿಗೆ ಹತ್ತಿರದ್ದು. ‘ಚಾರ್ಜ್ ಈಸ್ ಓವರ್’ ಮಾತ್ರ ‘ಚಾರ್ಜ್ ಮುಗಿಯಿತು’ ಎಂಬುದರ ನೇರ ಪಡಿಯಚ್ಚು. ಇಂಗ್ಲಿಷಿನಲ್ಲಿ ಮುಗಿಯುವುದು ಬ್ಯಾಟರಿ: ‘ದ ಬ್ಯಾಟರಿ ಈಸ್ ಡೆಡ್’. ‘ರೀಚಾರ್ಜ್’ ಪದವನ್ನು ಸಿಮ್ ಕಾರ್ಡಿಗೆ ಸೀಮಿತಗೊಳಿಸಬೇಡಿ. ನಿಮ್ಮ ತಾಲ್ಲೂಕಿನಲ್ಲಿ, ನಮ್ಮ ತಾಲ್ಲೂಕಿನಲ್ಲಿ ಕೊಳವೆಬಾವಿಯ ಪಕ್ಕ ಇಂಗುಗುಂಡಿ ತೆಗೆದು ಜಲ ಮರುಪೂರಣ ಮಾಡುವುದಕ್ಕೂ ‘ಬೋರ್‌ವೆಲ್ ರೀಚಾರ್ಜ್’ ಎಂದೇ ಹೆಸರು, ಮಕ್ಕಳು ಅದನ್ನು ಕಣ್ಣಾರೆ ನೋಡಿರುತ್ತಾರೆ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ನಲವತ್ತರ ಪಟ್ಟಿಯನ್ನು ಪಕ್ಕಕ್ಕಿಟ್ಟು, ಸೋಮವಾರ ಗಾಡಿಯ ಚಿತ್ರದಿಂದಲೇ ಆರಂಭಿಸುತ್ತೇನೆ. ಗಾಡಿಯ ಮೇಲೆ ನಾಲ್ಕು ಮೂಟೆಗಳನ್ನು ಬರೆದು, ದುಡ್ಡು, ಹೊಣೆ, ಆರೋಪ, ತುಂಬಿದ ವಿದ್ಯುತ್ತು ಎಂದು ಹೆಸರಿಟ್ಟು, ಪ್ರತಿ ಮೂಟೆಗೂ ನಾಲ್ಕೈದು ಜೊತೆಪದಗಳನ್ನು ಮಾತ್ರ ಕಟ್ಟುವ ಯೋಚನೆಯಿದೆ. ಏರಿ ಬರುವ ಆನೆಯನ್ನು ಗಾಡಿಯ ಎದುರಿಗೆ ನಿಲ್ಲಿಸುತ್ತೇನೆ, ಅದನ್ನು ಮೂಟೆ ಕಟ್ಟಲು ಸಾಧ್ಯವಿಲ್ಲ. ಉಪನ್ಯಾಸಕಿಯವರ ತಕರಾರು ನ್ಯಾಯವಾದದ್ದು; ಆವೇಶ ಎಂಬ ಪದವನ್ನು ಬರೆದು, ಇಲ್ಲಿ ಕನ್ನಡ ಬೇರೆ ದಾರಿ ಹಿಡಿಯಿತು ಎಂದು ಹಾಗೆಯೇ ಹೇಳಿಬಿಡುತ್ತೇನೆ. ಒಂದು ಅನುಮಾನ ಉಳಿದಿದೆ. ಮುಖ್ಯ ಶಿಕ್ಷಕರು ರಜೆಯಲ್ಲಿರುವುದರಿಂದ ಈ ತಿಂಗಳು ಆ ಕೆಲಸವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಎಲ್ಲರೂ ನನ್ನನ್ನು ‘ಇನ್‌ಚಾರ್ಜ್ ಹೆಚ್.ಎಂ.’ ಎನ್ನುತ್ತಾರೆ. ಇದು ಇಂಗ್ಲಿಷಿನಲ್ಲಿ ಸರಿಯೇ?

ಉತ್ತರ: ನಿವೃತ್ತ ಕಚೇರಿ ಅಧೀಕ್ಷಕ, ಚಿಕ್ಕಮಗಳೂರು

ಭಾರತದ ಕಚೇರಿ ಇಂಗ್ಲಿಷಿನಲ್ಲಿ ನಡೆಯುತ್ತದೆ ಮೇಡಂ. ಹೊರಗಿನವರು ‘ಆಕ್ಟಿಂಗ್ ಹೆಡ್‌ಮಿಸ್ಟ್ರೆಸ್’ ಎನ್ನುತ್ತಾರೆ. ‘ಇನ್ ಚಾರ್ಜ್’ ಎಂಬುದನ್ನು ಅವರು ನಾಮಪದಕ್ಕಿಂತ ಮೊದಲು ಇಡುವುದಿಲ್ಲ, ‘ದ ಟೀಚರ್ ಇನ್ ಚಾರ್ಜ್’ ಎಂದು ನಾಮಪದದ ನಂತರ ಇಡುತ್ತಾರೆ. ಕನ್ನಡದಲ್ಲಿ ‘ಪ್ರಭಾರ ಮುಖ್ಯ ಶಿಕ್ಷಕಿ’ ಎಂದು ಬರೆದುಕೊಳ್ಳಿ. ವಿದ್ಯುತ್ತಿನ ಮೂಟೆಯ ವಿಷಯದಲ್ಲಿ ಉಪನ್ಯಾಸಕಿಯವರ ಮಾತನ್ನು ಒಪ್ಪಿದ್ದೇನೆ. ಮುಖ್ಯ ಶಿಕ್ಷಕರು ರಜೆ ಮುಗಿಸಿ ಬಂದ ದಿನ ತಾವು ಬರೆಯುವ ಕಾಗದದಲ್ಲಿ ‘ಹ್ಯಾಂಡೆಡ್ ಓವರ್ ಚಾರ್ಜ್’ ಎಂದಷ್ಟೇ ಇರಲಿ, ಕೊನೆಯಲ್ಲಿ ‘ಎಸ್’ ಬೇಡ.